ಮದರ್ ತೆರೇಸಾ ಬೇಡ ಎಂದ ಔತಣ

[ಸ್ಕ್ರೀನ್ ಮೇಲೆ: ಓಸ್ಲೊ, ನಾರ್ವೆ. 1979, ಡಿಸೆಂಬರ್ 10]

ನಮಸ್ಕಾರ. ನೊಬೆಲ್ ಶಾಂತಿ ಪ್ರಶಸ್ತಿ ಕೊಡುವ ದಿನ ಓಸ್ಲೊದಲ್ಲಿ ಎರಡು ಕಾರ್ಯಕ್ರಮ ಇರುತ್ತವೆ. ಹಗಲು ಪ್ರಶಸ್ತಿ ಪ್ರದಾನ. ರಾತ್ರಿ ಗಣ್ಯರಿಗೆಲ್ಲ ಔತಣ. 1979ರಲ್ಲಿ ಹಗಲಿನದು ನಡೆಯಿತು, ರಾತ್ರಿಯದು ನಡೆಯಲಿಲ್ಲ. ಪ್ರಶಸ್ತಿ ಪಡೆದವರೇ ಅದನ್ನು ಬೇಡ ಎಂದಿದ್ದರು. ಆ ಊಟಕ್ಕೆ ಎತ್ತಿಟ್ಟ ಹಣವನ್ನು ಬಡವರಿಗೆ ಕೊಟ್ಟುಬಿಡಿ ಎಂದು ಕೇಳಿಕೊಂಡಿದ್ದರು. ಸಮಿತಿ ಒಪ್ಪಿತು.

ಹಾಗೆ ಕೇಳಿದವರು ಮದರ್ ತೆರೇಸಾ.

ಈ ಕಥೆಯನ್ನು ಕಾಸರಗೋಡಿನಿಂದ ಹೇಳೋದಕ್ಕೆ ಕಾರಣ ಇದೆ. ನಮ್ಮ ಕಡೆ ಸನ್ಮಾನ ಇಲ್ಲದ ಕಾರ್ಯಕ್ರಮ ಕಡಿಮೆ. ಶಾಲೆಯ ವಾರ್ಷಿಕೋತ್ಸವ ಇರಲಿ, ಯಕ್ಷಗಾನ ಇರಲಿ, ಕನ್ನಡ ಸಂಘದ ಸಭೆ ಇರಲಿ, ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು, ಸನ್ಮಾನಪತ್ರ ಓದುತ್ತೇವೆ. ಇದು ತಪ್ಪು ಅಂತ ನಾನು ಹೇಳುವುದಿಲ್ಲ. ಮೂವತ್ತು ವರ್ಷ ಪಾಠ ಮಾಡಿದ ಮೇಷ್ಟ್ರನ್ನು ನಾಲ್ಕು ಜನರ ಮುಂದೆ ಕೂರಿಸಿ ಗೌರವಿಸುವುದು ಒಳ್ಳೆಯ ಕೆಲಸವೇ. ಆದರೆ ಗೌರವ ಎಷ್ಟು, ಅದರ ಸುತ್ತಲಿನ ಖರ್ಚು ಎಷ್ಟು ಅಂತ ಬೇರೆ ಬೇರೆ ಮಾಡಿ ನೋಡಬಹುದು ಅಲ್ವಾ? ಮದರ್ ತೆರೇಸಾ ಮಾಡಿದ್ದು ಅದನ್ನೇ.

[ಸ್ಕ್ರೀನ್ ಮೇಲೆ: ಭೂಪಟ, ಸ್ಕೋಪ್ಯೆಯಿಂದ ಕೋಲ್ಕತ್ತಕ್ಕೆ ಗೆರೆ]

ಅವರ ಬದುಕನ್ನು ಬೇಗ ನೋಡಿಬಿಡೋಣ. ಹುಟ್ಟಿದ್ದು 1910ರ ಆಗಸ್ಟ್ 26ರಂದು, ಸ್ಕೋಪ್ಯೆ ಎಂಬ ಊರಿನಲ್ಲಿ. ಈಗ ಅದು ಉತ್ತರ ಮ್ಯಾಸಿಡೋನಿಯಾದಲ್ಲಿದೆ. ಮನೆಯವರು ಅಲ್ಬೇನಿಯನ್ನರು. 1929ರ ಜನವರಿಯಲ್ಲಿ ಲೊರೆಟೊ ಸಂಸ್ಥೆಯ ಸನ್ಯಾಸಿನಿಯಾಗಲು ಕೋಲ್ಕತ್ತಕ್ಕೆ ಬಂದರು. ವರ್ಷಗಟ್ಟಲೆ ಅಲ್ಲೇ ಟೀಚರ್ ಆಗಿದ್ದರು. 1948ರಲ್ಲಿ ಕಾನ್ವೆಂಟಿನ ಗೋಡೆ ದಾಟಿ ಹೊರಗೆ ಬಂದು, ನೀಲಿ ಅಂಚಿನ ಬಿಳಿ ಹತ್ತಿ ಸೀರೆ ಉಟ್ಟು, ಮೋತಿಝೀಲ್ ಎಂಬ ಕೊಳೆಗೇರಿಯಲ್ಲಿ ಕೆಲಸ ಶುರು ಮಾಡಿದರು. 1950ರಲ್ಲಿ ಮಿಷನರೀಸ್ ಆಫ್ ಚಾರಿಟಿ ಹುಟ್ಟಿತು. 1952ರಲ್ಲಿ ಕಾಳೀಘಾಟ್‌ನ ಕಾಳಿ ಗುಡಿಯ ಪಕ್ಕದಲ್ಲಿದ್ದ ಯಾತ್ರಿಕರ ಛತ್ರವನ್ನು ನಗರಪಾಲಿಕೆ ಅವರಿಗೆ ಬಿಟ್ಟುಕೊಟ್ಟಿತು. ಬೀದಿಯಲ್ಲಿ ಸಾಯುತ್ತಿದ್ದವರಿಗೆ ಅದೇ ಆಸರೆ. ಹೆಸರು ನಿರ್ಮಲ ಹೃದಯ.

ಒಂದು ವಿಷಯ ಇಲ್ಲಿ ಸರಿಯಾಗಿ ಗಮನಿಸಬೇಕು. ಅವರು ಪ್ರಶಸ್ತಿಗಳನ್ನು ದೂರ ತಳ್ಳಿದವರಲ್ಲ. 1962ರಲ್ಲಿ ಪದ್ಮಶ್ರೀ, ಅದೇ ವರ್ಷ ಮ್ಯಾಗ್ಸೆಸೆ, 1979ರಲ್ಲಿ ನೊಬೆಲ್, 1980ರಲ್ಲಿ ಭಾರತ ರತ್ನ, ಎಲ್ಲವನ್ನೂ ಸ್ವೀಕರಿಸಿದರು. ನೊಬೆಲ್ ತೆಗೆದುಕೊಳ್ಳುವಾಗ, ನಾನು ಇದಕ್ಕೆ ಯೋಗ್ಯಳಲ್ಲ, ಬಡವರ ಹೆಸರಿನಲ್ಲಿ ಸ್ವೀಕರಿಸುತ್ತೇನೆ ಎಂಬ ಅರ್ಥದ ಮಾತು ಹೇಳಿದರು. ಆ ವರ್ಷ ಪ್ರಶಸ್ತಿಯ ಮೊತ್ತ 8 ಲಕ್ಷ ಸ್ವೀಡಿಷ್ ಕ್ರೋನರ್. ಮನೆಯಿಲ್ಲದವರಿಗೆ ಮನೆ ಮಾಡಲು ಅದನ್ನು ಬಳಸುತ್ತೇನೆ ಎಂದು ನೊಬೆಲ್ ಭಾಷಣದಲ್ಲೇ ತಿಳಿಸಿದರು. ಅಂದರೆ ವೇದಿಕೆ ಬೇಕು, ಹಣ ಬೇಕು, ಅದು ಬಡವರಿಗೆ ಉಪಯೋಗಕ್ಕೆ ಬರುತ್ತದೆ. ಹೊಟ್ಟೆ ತುಂಬಿದವರಿಗೆ ಮತ್ತೆ ಬಡಿಸುವ ಊಟ ಮಾತ್ರ ಬೇಡ. ನನಗೆ ತುಂಬಾ ಇಷ್ಟವಾಗುವುದು ಈ ವ್ಯವಹಾರದ ಬುದ್ಧಿ. ಕರುಣೆ ಇದ್ದವರಿಗೆ ಲೆಕ್ಕ ಬರುವುದಿಲ್ಲ ಅಂತ ನಾವು ಸುಮ್ನೆ ಅಂದುಕೊಂಡಿರುತ್ತೇವೆ. ಇವರಿಗೆ ಲೆಕ್ಕ ಚೆನ್ನಾಗಿಯೇ ಗೊತ್ತಿತ್ತು.

ಕಾರಿನ ಸಂಗತಿ ಕೇಳಿ. 1964ರ ಡಿಸೆಂಬರಿನಲ್ಲಿ ಪೋಪ್ ಆರನೇ ಪಾಲ್ ಮುಂಬೈಗೆ ಬಂದಿದ್ದರು. ಅವರು ಓಡಾಡಲು ಒಂದು ಬಿಳಿ ಲಿಂಕನ್ ಕಾರು ಬಂದಿತ್ತು. ವಾಪಸ್ ಹೋಗುವಾಗ ಅದನ್ನು ಮದರ್ ತೆರೇಸಾಗೆ ಕೊಟ್ಟುಬಿಟ್ಟರು. ಪೋಪ್ ಕೊಟ್ಟ ಕಾರು! ಬೇರೆ ಯಾರಾದರೂ ಆಗಿದ್ದರೆ ಗಾಜಿನ ಮನೆ ಕಟ್ಟಿಸಿ ಇಡುತ್ತಿದ್ದರು. ಇವರು ಅದರಲ್ಲಿ ಒಂದು ಸಲವೂ ಕೂರದೆ ಲಾಟರಿಗೆ ಇಟ್ಟರು. ಬಂದ ಹಣ ಕುಷ್ಠರೋಗಿಗಳಿಗಾಗಿ ಪಶ್ಚಿಮ ಬಂಗಾಳದಲ್ಲಿ ಕಟ್ಟುತ್ತಿದ್ದ ಶಾಂತಿನಗರಕ್ಕೆ ಹೋಯಿತು. ಕಾರನ್ನು ಸುಮ್ಮನೆ ಮಾರಿದ್ದರೆ ಒಬ್ಬರ ಹಣ ಮಾತ್ರ ಬರುತ್ತಿತ್ತು. ಲಾಟರಿಯಲ್ಲಿ ನೂರಾರು ಜನ ಕೈ ಸೇರಿಸಿದರು.

[ಸ್ಕ್ರೀನ್ ಮೇಲೆ: ಎರಡು ಪಾತ್ರೆ, ಅಕ್ಕಿ]

ಔತಣ ಬೇಡ ಎಂದದ್ದು ಯಾಕೆ ಎಂಬುದು ಅವರ ನೊಬೆಲ್ ಭಾಷಣ ಓದಿದರೆ ತಾನಾಗಿ ತಿಳಿಯುತ್ತದೆ. ಅದರಲ್ಲಿ ಒಂದು ಘಟನೆ ಬರುತ್ತದೆ. ಎಂಟು ಮಕ್ಕಳಿರುವ ಒಂದು ಹಿಂದೂ ಮನೆ. ಎಷ್ಟೋ ಹೊತ್ತಿನಿಂದ ಊಟ ಇಲ್ಲ. ವಿಷಯ ಗೊತ್ತಾಗಿ ಮದರ್ ಅಕ್ಕಿ ಹಿಡಿದು ಹೋದರು. ಮಕ್ಕಳ ಕಣ್ಣಲ್ಲಿ ಹಸಿವು ಹೊಳೆಯುತ್ತಿತ್ತು. ಆ ತಾಯಿ ಅಕ್ಕಿ ತೆಗೆದುಕೊಂಡು ಎರಡು ಪಾಲು ಮಾಡಿದಳು. ಒಂದು ಪಾಲು ಎತ್ತಿಕೊಂಡು ಹೊರಗೆ ಹೋದಳು. ತಿರುಗಿ ಬಂದಾಗ ಎಲ್ಲಿಗೆ ಹೋಗಿದ್ದೆ ಎಂದು ಮದರ್ ಕೇಳಿದರು. ಅವರಿಗೂ ಹಸಿವಾಗಿದೆ ಎಂದಳು ಅವಳು. ಅವರು ಅಂದರೆ ಪಕ್ಕದ ಮುಸ್ಲಿಂ ಮನೆಯವರು. ಅಕ್ಕಿ ಕೊಟ್ಟದ್ದಕ್ಕಿಂತ, ಅವರ ಹಸಿವು ಇವಳಿಗೆ ಗೊತ್ತಿತ್ತಲ್ಲ, ಅದೇ ತಮಗೆ ಆಶ್ಚರ್ಯವಾದದ್ದು ಎಂದು ಮದರ್ ಹೇಳುತ್ತಾರೆ. ಆ ದಿನ ಅವರು ಇನ್ನಷ್ಟು ಅಕ್ಕಿ ತಂದುಕೊಡಲಿಲ್ಲ. ಹಂಚಿಕೊಳ್ಳುವ ಖುಷಿ ಆ ಮನೆಯವರಿಗೇ ಇರಲಿ ಎಂದು ಬಿಟ್ಟರಂತೆ.

ಮದರ್ ತೆರೇಸಾ ಬಗ್ಗೆ ಗಂಭೀರ ಪ್ರಶ್ನೆಗಳೂ ಇವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. ಅವರ ಆಶ್ರಮಗಳಲ್ಲಿ ನೋವು ಕಡಿಮೆ ಮಾಡುವ ಚಿಕಿತ್ಸೆ ಸಾಲದು ಎಂದು 1994ರಲ್ಲೇ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರಹ ಬಂದಿತ್ತು. ಆ ಟೀಕೆಯಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಸಾಯುವವರಿಗೆ ಪ್ರೀತಿ ಬೇಕು, ನೋವಿನ ಮಾತ್ರೆಯೂ ಬೇಕು. ಆದರೆ ಓಸ್ಲೊದ ಆ ತೀರ್ಮಾನ ಇದರಿಂದ ಚಿಕ್ಕದಾಗುವುದಿಲ್ಲ.

[ಸ್ಕ್ರೀನ್ ಮೇಲೆ: ಬದಿಯಡ್ಕ ಪೇಟೆ, ಕಿಳಿಂಗಾರಿನ ರಸ್ತೆ]

ಈಗ ನಮ್ಮೂರಿಗೆ ಬನ್ನಿ. ಬದಿಯಡ್ಕದ ಹತ್ತಿರದ ಕಿಳಿಂಗಾರಿನ ಸಾಯಿರಾಂ ಗೋಪಾಲಕೃಷ್ಣ ಭಟ್ಟರ ಹೆಸರು ಈ ಭಾಗದವರಿಗೆ ಗೊತ್ತೇ ಇದೆ. ಕೃಷಿಕರು, ನಾಟಿವೈದ್ಯರು. ಕಾಶಿಯಾತ್ರೆಗೆ ಅಂತ ಹಣ ಕೂಡಿಟ್ಟಿದ್ದರು. ಹೊರಡುವ ಹೊತ್ತಿಗೆ, ಮಳೆಗೆ ಗುಡಿಸಲು ಬಿದ್ದುಹೋದ ಒಬ್ಬ ಮುಸ್ಲಿಂ ಬಡವರು ಸಹಾಯ ಕೇಳಿ ಬಂದರು. ಭಟ್ಟರು ಕಾಶಿಯ ಹಣದಲ್ಲಿ ಅವರಿಗೆ ಮನೆ ಕಟ್ಟಿಸಿಕೊಟ್ಟರು. ಅಲ್ಲಿಗೆ ನಿಲ್ಲಲಿಲ್ಲ. ಜಾತಿ ಧರ್ಮ ಕೇಳದೆ 250ಕ್ಕೂ ಜಾಸ್ತಿ ಮನೆ ಕಟ್ಟಿಸಿದರು. ಕುಡಿಯುವ ನೀರು, ಕರೆಂಟು, ಹೊಲಿಗೆ ಯಂತ್ರ, ಬಡವರಿಗೆ ಏನು ಕೊರತೆಯೋ ಅದನ್ನು ಒದಗಿಸಿದರು. 2022ರ ಜನವರಿಯಲ್ಲಿ ತೀರಿಕೊಂಡರು. ಕಾಶಿಗೆ ಹೋಗುವುದು ನಂಬಿಕೆ ಇರುವ ಮನುಷ್ಯನಿಗೆ ಸಣ್ಣ ಆಸೆಯಲ್ಲ. ಅದನ್ನು ಬದಿಗಿಡಲು, ಔತಣ ಬಿಡುವುದಕ್ಕಿಂತ ದೊಡ್ಡ ಮನಸ್ಸು ಬೇಕು ಅಂತ ನನಗೆ ಅನಿಸುತ್ತದೆ.

ಹಾಗಾದರೆ ಊಟ ಹಾಕಿಸುವುದೇ ತಪ್ಪಾ? ಅಲ್ಲ. ನಮ್ಮ ದೇವಸ್ಥಾನಗಳ ಅನ್ನಸಂತರ್ಪಣೆ, ಉರೂಸಿನ ಊಟ, ಇಗರ್ಜಿಯ ಹಬ್ಬದ ಊಟ ಬೇರೆ. ಅಲ್ಲಿ ಯಾರು ಬಂದರೂ ಎಲೆ ಹಾಕುತ್ತಾರೆ, ಹಸಿದವರೂ ಪಂಕ್ತಿಯಲ್ಲಿ ಇರುತ್ತಾರೆ. ಓಸ್ಲೊದಲ್ಲಿ ನಿಂತದ್ದು ಕಾರ್ಡ್ ಇದ್ದವರಿಗೆ ಮಾತ್ರ ಬಾಗಿಲು ತೆರೆಯುವ ಊಟ.

ನಿಮ್ಮ ಸಂಘದಲ್ಲಿ ಸನ್ಮಾನ ಇದ್ದರೆ, ಶಾಲು ಒಂದು ಇರಲಿ. ಫ್ಲೆಕ್ಸ್, ದೊಡ್ಡ ಸ್ಮರಣಿಕೆ, ಗಣ್ಯರ ಪ್ರತ್ಯೇಕ ಊಟ, ಇವುಗಳ ಖರ್ಚನ್ನು ಸನ್ಮಾನ ಪಡೆಯುವವರ ಹೆಸರಿನಲ್ಲಿ ಬೇರೆ ಕಡೆ ಕೊಡಬಹುದೇ ಎಂದು ಅವರನ್ನೇ ಮೊದಲು ಕೇಳಿ. ಬೇಡ ಎನ್ನುವವರು ಕಡಿಮೆ. ಕೊಡಲು ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಅದರಿಂದ ನರಳುವ ಮಕ್ಕಳು ಎಣ್ಮಕಜೆ, ಬೆಳ್ಳೂರು, ಮುಳಿಯಾರು ಕಡೆ ಈಗಲೂ ಇದ್ದಾರೆ. ವಿಶೇಷ ಮಕ್ಕಳಿಗಾಗಿ ಬಡ್ಸ್ ಶಾಲೆಗಳಿವೆ. ಹಾಸಿಗೆ ಹಿಡಿದವರ ಮನೆಗೆ ಹೋಗುವ ಪಾಲಿಯೇಟಿವ್ ಘಟಕ ಪಂಚಾಯತಿನಲ್ಲೇ ಇದೆ. ಆದರೆ ಹಣ್ಣು, ಬಿಸ್ಕತ್ತು ಹಿಡಿದು ಫೋಟೋಗೆ ಹೋಗಬೇಡಿ. ಮೊದಲು ಅಲ್ಲಿನ ಟೀಚರಿಗೋ ನರ್ಸಿಗೋ ಒಂದು ಫೋನ್ ಮಾಡಿ. ಡಯಪರ್ ಬೇಕೋ, ವಾಟರ್ ಬೆಡ್ ಬೇಕೋ, ಗಾಡಿಯ ಡೀಸೆಲ್ ಖರ್ಚು ಬೇಕೋ, ಅವರೇ ಹೇಳುತ್ತಾರೆ.