ಆಮ್ಲಮಳೆ: ಮಣ್ಣು ಕಳೆದುಕೊಂಡ ಸುಣ್ಣದಂಶ

ಕೇಳುಗರೇ, ಆಮ್ಲಮಳೆ ಎಂದೊಡನೆ ಎಲೆಯನ್ನು ಸುಡುವ, ಕಲ್ಲಿನ ಪ್ರತಿಮೆಗಳನ್ನು ಸವೆಸುವ ಹುಳಿನೀರಿನ ಚಿತ್ರವೇ ಸಾಮಾನ್ಯವಾಗಿ ಮನಸ್ಸಿಗೆ ಬರುತ್ತದೆ. ಆದರೆ ಕಾಡು, ತೊರೆ, ಸರೋವರಗಳಿಗೆ ಅದರಿಂದಾದ ಬಹುಪಾಲು ಹಾನಿ ನಡೆದದ್ದು ಮಣ್ಣಿನೊಳಗೆ. ಈ ಮಳೆ ನೆಲಕ್ಕೆ ಸುರಿಯುವ ಆಮ್ಲಕ್ಕಿಂತಲೂ ನೆಲದಿಂದ ತೊಳೆದೊಯ್ಯುವ ಸುಣ್ಣದಂಶವೇ, ಅಂದರೆ ಕ್ಯಾಲ್ಸಿಯಮ್ಮೇ, ದೊಡ್ಡ ನಷ್ಟವೆಂಬುದು ನನ್ನ ದೃಢವಾದ ಅಭಿಪ್ರಾಯ.

ಶುದ್ಧ ಗಾಳಿಯ ಮಳೆಯೂ ಕೊಂಚ ಆಮ್ಲೀಯವೇ. ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಅದರ ಪಿಎಚ್, ಅಂದರೆ ಆಮ್ಲೀಯತೆಯ ಅಳತೆ, ಸುಮಾರು 5.6 ಇರುತ್ತದೆ. ಕಲ್ಲಿದ್ದಲು ಮತ್ತು ತೈಲವನ್ನು ಉರಿಸುವಾಗ, ಅದಿರನ್ನು ಕರಗಿಸುವಾಗ ಹೊರಬೀಳುವ ಗಂಧಕ ಹಾಗೂ ಸಾರಜನಕದ ಆಕ್ಸೈಡುಗಳು ಗಾಳಿಯಲ್ಲಿ ತೇಲುತ್ತ ಗಂಧಕಾಮ್ಲ, ನೈಟ್ರಿಕ್ ಆಮ್ಲಗಳಾಗಿ ಮಾರ್ಪಟ್ಟು, ಹುಟ್ಟಿದ ಜಾಗದಿಂದ ನೂರಾರು ಕಿಲೋಮೀಟರ್ ಆಚೆ ನೆಲಕ್ಕಿಳಿಯುತ್ತವೆ. 1963ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ ಜೀನ್ ಲೈಕೆನ್ಸ್ ಮತ್ತು ಸಂಗಡಿಗರು ಹಿಡಿದ ಮಳೆನೀರಿನ ಪಿಎಚ್ 4ರ ಆಸುಪಾಸಿನಲ್ಲಿತ್ತು. ಪಿಎಚ್ ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುವುದರಿಂದ, ಅದು ಸಹಜ ಮಳೆಗಿಂತ ಹತ್ತಾರು ಪಟ್ಟು ಹುಳಿಯಾದ ನೀರು.

ಮಣ್ಣಿನ ಕಣಗಳು ತಮ್ಮ ಮೈಮೇಲೆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಟ್ಟುಕೊಂಡು ಬೇರುಗಳಿಗೆ ಒದಗಿಸುತ್ತವೆ. ಆಮ್ಲದಲ್ಲಿರುವ ಹೈಡ್ರೋಜನ್ ಅಯಾನುಗಳು ಆ ಜಾಗವನ್ನು ಆಕ್ರಮಿಸಿದಾಗ ಕಳಚಿಬಿದ್ದ ಕ್ಯಾಲ್ಸಿಯಂ, ಗಂಧಕಾಮ್ಲದಿಂದ ಬಂದ ಸಲ್ಫೇಟಿನ ಜೊತೆಗೂಡಿ ತೊರೆಯ ಪಾಲಾಗುತ್ತದೆ. ಸುಣ್ಣಕಲ್ಲಿನ ನೆಲ ಈ ಪೆಟ್ಟನ್ನು ತಾಳಿಕೊಳ್ಳುತ್ತದೆ. ಗ್ರಾನೈಟ್ ಬಂಡೆಯ ಮೇಲಿನ ತೆಳುಮಣ್ಣಿಗಾದರೋ, ಬಂಡೆ ಶಿಥಿಲವಾಗಿ ಹೊಸ ಕ್ಯಾಲ್ಸಿಯಂ ಒದಗುವವರೆಗೆ ಕಾಯದೆ ಬೇರೆ ದಾರಿಯಿಲ್ಲ. ಅಲ್ಲಿ ಸುಣ್ಣದಂಶ ತೀರುತ್ತ ಬಂದಂತೆ ಮಣ್ಣಿನಲ್ಲಿರುವ ಅಲ್ಯೂಮಿನಿಯಂ ಕರಗಿ ನೀರಿಗಿಳಿದು, ಮೀನಿನ ಕಿವಿರುಗಳಿಗೆ ಅಂಟಿಕೊಂಡು, ಉಸಿರಾಟವನ್ನೂ ದೇಹದ ಲವಣಗಳ ಹದವನ್ನೂ ಕೆಡಿಸುತ್ತದೆ. ದಕ್ಷಿಣ ನಾರ್ವೆಯ ಹಲವು ನದಿಗಳು ತಮ್ಮ ಸಾಲ್ಮನ್ ಮೀನುಗಳನ್ನು ಕಳೆದುಕೊಂಡದ್ದು ಹೀಗೆ. ಚಳಿಗಾಲದ ಹಿಮದಲ್ಲಿ ಕೂಡಿಟ್ಟ ಆಮ್ಲವೆಲ್ಲ ಹಿಮ ಕರಗುವಾಗ ಒಮ್ಮೆಲೇ ಹರಿದುಬರುವುದರಿಂದ ಮರಿಮೀನುಗಳಿಗೆ ಇನ್ನೂ ಹೆಚ್ಚಿನ ಅಪಾಯ.

ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಡೇವಿಡ್ ಶಿಂಡ್ಲರ್ ಅವರ ತಂಡ 1976ರಿಂದ ಒಂದು ಸಣ್ಣ ಸರೋವರಕ್ಕೆ ವರ್ಷ ವರ್ಷವೂ ಗಂಧಕಾಮ್ಲ ಬೆರೆಸುತ್ತ ಪರೀಕ್ಷೆ ನಡೆಸಿತು. ಪಿಎಚ್ 6ರ ಸಮೀಪಕ್ಕೆ ಬರುವಷ್ಟರಲ್ಲೇ ಸಿಗಡಿಯಂಥ ಒಂದು ಜೀವಿಯೂ ಒಂದು ಜಾತಿಯ ಸಣ್ಣ ಮೀನೂ ಕಾಣೆಯಾಗತೊಡಗಿದವು. ಅವುಗಳನ್ನು ತಿಂದು ಬದುಕುತ್ತಿದ್ದ ದೊಡ್ಡ ಟ್ರೌಟ್ ಮೀನುಗಳು ಕೂಡಲೇ ಸಾಯಲಿಲ್ಲ. ಆಹಾರವಿಲ್ಲದೆ ಸೊರಗಿ ಮೂಳೆ ಕಾಣುವಂತಾದವು. ಆಮ್ಲ ಕೊಲ್ಲುವ ಮೊದಲೇ ಹಸಿವು ಆ ಕೆಲಸಕ್ಕೆ ತೊಡಗಿತ್ತೆಂಬುದನ್ನು ಗಮನಿಸಬೇಕು, ಏಕೆಂದರೆ ಸತ್ತ ಮೀನು ತೇಲದ ನೀರನ್ನು ಆರೋಗ್ಯವಾಗಿದೆಯೆಂದು ನಂಬುವುದು ನಮಗೆ ಬಹಳ ಸುಲಭ.

ನೆಲದ ಮೇಲೂ ಕೊರತೆ ಹೀಗೆಯೇ ಮೇಲೇರುತ್ತದೆ. ನೆದರ್ಲೆಂಡ್ಸಿನ ಬಡಮಣ್ಣಿನ ಕಾಡುಗಳಲ್ಲಿ ಚಿಪ್ಪು ಕಟ್ಟಲು ಸುಣ್ಣ ಸಿಗದೆ ಬಸವನಹುಳುಗಳು ಕಡಿಮೆಯಾದವು. ಅವನ್ನು ತಿನ್ನುತ್ತಿದ್ದ ಚೇಕಡಿ ಹಕ್ಕಿಗಳು ತೆಳುಸಿಪ್ಪೆಯ, ಒಡೆದುಹೋಗುವ ಮೊಟ್ಟೆಗಳನ್ನಿಡತೊಡಗಿದವು. ಸಂಶೋಧಕರು ಬಸವನಹುಳುವಿನ ಚಿಪ್ಪಿನ ಚೂರು, ಕೋಳಿಮೊಟ್ಟೆಯ ಸಿಪ್ಪೆಗಳನ್ನು ಇಟ್ಟಾಗ ಮೊಟ್ಟೆಗಳು ಮತ್ತೆ ಗಟ್ಟಿಯಾದವು. ಅಮೆರಿಕದ ಬೆಟ್ಟಗಳಲ್ಲಿ ಕೆಂಪು ಸ್ಪ್ರೂಸ್ ಮರದ ಸೂಜಿಯೆಲೆಗಳಿಂದ ಆಮ್ಲೀಯ ಮಂಜು ಕ್ಯಾಲ್ಸಿಯಂ ಕಸಿದದ್ದರಿಂದ, ತಲೆತಲಾಂತರದಿಂದ ಚಳಿಗೆ ಒಗ್ಗಿದ್ದ ಆ ಮರಗಳೇ ಚಳಿಗೆ ಕರಕಲಾದವು.

ಗಡಿ ದಾಟುವ ವಾಯುಮಾಲಿನ್ಯದ ಕುರಿತ 1979ರ ಜಿನೀವಾ ಒಪ್ಪಂದ, 1990ರಲ್ಲಿ ಅಮೆರಿಕ ತಿದ್ದಿದ ವಾಯು ಕಾಯ್ದೆ ಮುಂತಾದವುಗಳಿಂದ ಗಂಧಕದ ಹೊಗೆ ಬಹಳ ಇಳಿಯಿತು; ಇದು ಸಣ್ಣ ಸಾಧನೆಯಲ್ಲ. ಆದರೂ ಹಬ್ಬರ್ಡ್ ಬ್ರೂಕಿನ ತೊರೆಗಳು ನಿರೀಕ್ಷಿಸಿದಷ್ಟು ಬೇಗ ಸುಧಾರಿಸಲಿಲ್ಲ, ಏಕೆಂದರೆ ಹೋದ ಸುಣ್ಣ ಹಿಂದಿರುಗಿರಲಿಲ್ಲ. 1999ರಲ್ಲಿ ವಿಜ್ಞಾನಿಗಳು ಅಲ್ಲಿನ ಒಂದು ಜಲಾನಯನದ ಮೇಲೆ ಹೆಲಿಕಾಪ್ಟರಿನಿಂದ ಕ್ಯಾಲ್ಸಿಯಂ ಸಿಲಿಕೇಟ್ ಖನಿಜವನ್ನು ಹರಡಿದರು. ಮುಂದಿನ ವರ್ಷಗಳಲ್ಲಿ ಶುಗರ್ ಮೇಪಲ್ ಸಸಿಗಳು ಚೇತರಿಸಿಕೊಂಡವು, ಸ್ಪ್ರೂಸ್ ಮರಗಳು ಚಳಿಯನ್ನು ಮೊದಲಿಗಿಂತ ಚೆನ್ನಾಗಿ ತಾಳಿದವು. ಕಾಡಿಗೆ ಬೇಕಾಗಿದ್ದದ್ದೇನೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ನನಗೆ ಕಂಡಿಲ್ಲ.

ಹೀಗಾಗಿ ಒಂದು ಸರೋವರ ಗುಣವಾಯಿತೇ ಎಂದು ತಿಳಿಯಲು ಪಿಎಚ್ ಅಳೆದರೆ ಸಾಲದು, ಕ್ಯಾಲ್ಸಿಯಮ್ಮನ್ನೂ ಅಳೆಯಬೇಕು. ಒಂಟಾರಿಯೊದ ಅನೇಕ ಸರೋವರಗಳಲ್ಲಿ ಆಮ್ಲ ತಗ್ಗುತ್ತಿದ್ದರೂ, ಕವಚಕ್ಕಾಗಿ ಹೆಚ್ಚು ಸುಣ್ಣ ಬೇಡುವ ಡಾಫ್ನಿಯಾ ಎಂಬ ಪುಟ್ಟ ಜಲಜೀವಿ ವಿರಳವಾಗುತ್ತ, ಅಷ್ಟು ಸುಣ್ಣ ಬೇಡದ, ಮೈಸುತ್ತ ಲೋಳೆ ಹೊದ್ದ ಹೋಲೋಪೀಡಿಯಂ ಅದರ ಜಾಗವನ್ನು ತುಂಬುತ್ತಿದೆ. ಅದು ಡಾಫ್ನಿಯಾದಷ್ಟು ಪೌಷ್ಟಿಕ ಆಹಾರವಲ್ಲ, ಅದರ ಲೋಳೆಯಿಂದ ನೀರು ಸೋಸುವ ವ್ಯವಸ್ಥೆಗಳೂ ಕಟ್ಟಿಕೊಳ್ಳಬಹುದು.