ಕೀ ತೆಗೆದ ಮೇಲೂ ಹರಿಯುವ ಕರೆಂಟು

ಕೇಳುಗರಿಗೆಲ್ಲ ನಮಸ್ಕಾರ.

ಗಾಡಿಯೊಳಗೇ ಕಂಪ್ಯೂಟರ್ ಇಟ್ಟುಕೊಂಡು ದುಡಿಯುವವರು ನಮ್ಮ ಬಳ್ಳಾರಿ ಕಡೆ ಇದ್ದಾರೆ. ಸಂಡೂರಿನ ಗುಡ್ಡಗಳಲ್ಲಿ ಸರ್ವೆ ಮಾಡುವವರು, ಮದುವೆ ಮಂಟಪದ ಹೊರಗೆ ವ್ಯಾನ್ ನಿಲ್ಲಿಸಿ ನೇರ ಪ್ರಸಾರ ಮಾಡುವವರು, ತಮ್ಮ ಕಾರಿಗೆ ತಾವೇ ಪುಟ್ಟ ಕಂಪ್ಯೂಟರ್ ಜೋಡಿಸಿಕೊಂಡ ಹುಡುಗರು. ಗಾಡಿಗಳ ವೈರಿಂಗ್ ಕೆಲಸದವನಾದ ನನ್ನ ಹತ್ತಿರ ಇವರೆಲ್ಲ ತರುವ ದೂರು ಒಂದೇ. ಶನಿವಾರ ಸಂಜೆ ನಿಲ್ಲಿಸಿದ ಗಾಡಿ ಸೋಮವಾರ ಬೆಳಿಗ್ಗೆ ಸೆಲ್ಫ್ ತಗೊಳ್ಳುವುದಿಲ್ಲ. ಬ್ಯಾಟರಿ ಹಳೆಯದಾಯಿತು ಎಂದು ಸಾವಿರಾರು ರೂಪಾಯಿ ಕೊಟ್ಟು ಹೊಸದು ಹಾಕಿಸುತ್ತಾರೆ. ಸ್ವಲ್ಪ ದಿನಕ್ಕೆ ಅದೂ ಹಾಗೇ ಮಲಗುತ್ತದೆ. ಹೊಸ ಬ್ಯಾಟರಿಗೆ ದುಡ್ಡು ಕೊಡುವ ಮೊದಲು ಗಾಡಿಯಲ್ಲಿರುವ ಯುಎಸ್‌ಬಿ ಸಾಮಾನುಗಳನ್ನು ಒಮ್ಮೆ ನೋಡಿ ಎಂದು ಕೇಳಿಕೊಳ್ಳಲು ಇಂದು ಬಂದಿದ್ದೇನೆ.

ಕಂಪ್ಯೂಟರನ್ನು ಸ್ಲೀಪ್‌ಗೆ ಹಾಕಿದಾಗ ಪರದೆ ಕಪ್ಪಾಗುತ್ತದೆ, ಫ್ಯಾನ್ ನಿಲ್ಲುತ್ತದೆ. ಆದರೆ ಅದರ ನೆನಪಿನ ಭಾಗಕ್ಕೆ ಕರೆಂಟು ಹರಿಯುತ್ತಲೇ ಇರುತ್ತದೆ. ಕೀಬೋರ್ಡ್ ಮುಟ್ಟಿದರೆ ಏಳಬೇಕಲ್ಲ, ಅದಕ್ಕಾಗಿ ಯುಎಸ್‌ಬಿ ಕಿಂಡಿಗಳಲ್ಲೂ 5 ವೋಲ್ಟ್ ಉಳಿದಿರುತ್ತದೆ. ಕೆಲವು ಕಂಪ್ಯೂಟರ್‌ಗಳಲ್ಲಂತೂ ಪೂರ್ತಿ ಶಟ್‌ಡೌನ್ ಮಾಡಿದರೂ ಅದು ಹೋಗುವುದಿಲ್ಲ. ನಿಮ್ಮದು ಯಾವ ಜಾತಿಯದೆಂದು ತಿಳಿಯಲು ಕೆಳಗೆ ಕೆಂಪು ಬೆಳಕು ಬರುವ ಒಂದು ಮೌಸ್ ಸಾಕು. ಶಟ್‌ಡೌನ್ ಮಾಡಿ, ಮೌಸ್ ತಿರುಗಿಸಿ ನೋಡಿ. ಬೆಳಕು ಇದೆಯೆಂದರೆ ಆ ಕಿಂಡಿಗೆ ಸಿಕ್ಕಿಸಿದ್ದೆಲ್ಲ ರಾತ್ರಿಯಿಡೀ ಬ್ಯಾಟರಿಯನ್ನು ತಿನ್ನುತ್ತಿದೆ.

ತಿನ್ನುವುದು ಎಷ್ಟು? ಲೆಕ್ಕ ಹಾಕೋಣ. ಜಿಪಿಎಸ್, ಇಂಟರ್‌ನೆಟ್ ಡಾಂಗಲ್, ಟಚ್ ಸ್ಕ್ರೀನ್, ಒಂದು ಕಿಂಡಿಯನ್ನು ಹಲವು ಮಾಡುವ ಹಬ್, ಇವೆಲ್ಲ ಸೇರಿ 5 ವೋಲ್ಟ್‌ನಲ್ಲಿ ಅರ್ಧ ಆಂಪಿಯರ್ ಎಳೆಯುತ್ತವೆ ಎನ್ನಿ. ಅಂದರೆ 2.5 ವ್ಯಾಟ್. 12 ವೋಲ್ಟ್ ಬ್ಯಾಟರಿಯ ಕಡೆಯಿಂದ ನೋಡಿದರೆ, ವೋಲ್ಟೇಜ್ ಇಳಿಸುವಾಗ ಆಗುವ ನಷ್ಟವೂ ಸೇರಿ, ಸುಮಾರು 250 ಮಿಲಿಆಂಪಿಯರ್. ಇದು ಸಣ್ಣದು ಅನ್ನಿಸುತ್ತದೆ, ಆದರೆ 24 ತಾಸಿಗೆ 6 ಆಂಪಿಯರ್-ಅವರ್ ಆಗುತ್ತದೆ. ಒಂದು ಆಂಪಿಯರ್ ಒಂದು ತಾಸು ಹರಿದರೆ ಒಂದು ಆಂಪಿಯರ್-ಅವರ್. ಸಣ್ಣ ಕಾರಿನ ಬ್ಯಾಟರಿ ಇರುವುದೇ 35 ಆಂಪಿಯರ್-ಅವರ್. ಶನಿವಾರ ಸಂಜೆ 6ರಿಂದ ಸೋಮವಾರ ಬೆಳಿಗ್ಗೆ 8ರವರೆಗೆ 38 ತಾಸು. ಅಷ್ಟರಲ್ಲಿ ಯುಎಸ್‌ಬಿ ಸಾಮಾನುಗಳೇ ಒಂಬತ್ತೂವರೆ ಆಂಪಿಯರ್-ಅವರ್ ಕುಡಿದಿರುತ್ತವೆ. ಮಲಗಿದ ಕಂಪ್ಯೂಟರ್‌ನದು ಬೇರೆ, ಗಾಡಿಯ ಗಡಿಯಾರ, ಅಲಾರಂಗಳದು ಬೇರೆ. ಎರಡು ವರ್ಷ ಬಿಸಿಲು ತಿಂದ ಬ್ಯಾಟರಿ ಹೆಸರಿಗೆ 35, ಒಳಗೆ ಅಷ್ಟು ಉಳಿದಿರುವುದಿಲ್ಲ. ನಮ್ಮ ಬೇಸಿಗೆ 40 ಡಿಗ್ರಿ ದಾಟುವ ಬೇಸಿಗೆ. ಬಿಸಿ ಹೆಚ್ಚಿದಷ್ಟೂ ಬ್ಯಾಟರಿ ಬೇಗ ಸವೆಯುತ್ತದೆ, ಸುಮ್ಮನೆ ಇಟ್ಟರೂ ಬೇಗ ಇಳಿಯುತ್ತದೆ.

ಇನ್ನೊಂದು ವಿಷಯ ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಗಾಡಿಯ ಬ್ಯಾಟರಿಯನ್ನು ಮಾಡಿರುವುದು ಸೆಲ್ಫ್ ಮೋಟಾರಿಗೆ ಕೆಲವೇ ಕ್ಷಣ ದೊಡ್ಡ ಕರೆಂಟು ಕೊಡಲು. ಮನೆಯ ಇನ್ವರ್ಟರ್ ಬ್ಯಾಟರಿಯ ಹಾಗೆ ತಳದವರೆಗೆ ಇಳಿದು ಏರಲು ಅಲ್ಲ. ಹಾಗೆ ಮತ್ತೆ ಮತ್ತೆ ಇಳಿಸಿದರೆ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ. ಒಳ್ಳೆಯ ಬ್ಯಾಟರಿಗಳು ಹೀಗೆ ಹಾಳಾಗುತ್ತವೆ.

ಪರಿಹಾರ ಕೇಳಿದರೆ ಬಹಳ ಜನ ಕಂಪ್ಯೂಟರಿನ ಸೆಟ್ಟಿಂಗ್‌ಗೆ ಕೈ ಹಾಕುತ್ತಾರೆ. ಸ್ಲೀಪ್ ಬದಲು ಹೈಬರ್ನೇಟ್ ಇಡುವುದು ಒಳ್ಳೆಯದೇ. ಅದರಲ್ಲಿ ನೆನಪೆಲ್ಲ ಡಿಸ್ಕ್‌ಗೆ ಬರೆದು ಕಂಪ್ಯೂಟರ್ ನಿಜವಾಗಿ ಆರುತ್ತದೆ. ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗ್‌ನಲ್ಲಿ, ಆರಿದ ಮೇಲೂ ಹರಿಯುವ ಕರೆಂಟನ್ನು ಕಡಿಯುವ ಇಆರ್‌ಪಿ ಎಂಬ ಆಯ್ಕೆ ಇದ್ದರೆ ಅದನ್ನೂ ಆನ್ ಮಾಡಿ. ಆದರೆ ಅಷ್ಟಕ್ಕೇ ಬಿಡುವುದು ಮೇಲೆ ತೂಬು ತೆರೆದಿಟ್ಟು ಕೆಳಗೆ ಮಡಿ ಮಡಿಗೂ ಮಣ್ಣು ಒಡ್ಡಿದಂತೆ. ಒಂದು ಅಪ್‌ಡೇಟ್ ಬಂದರೆ ಸೆಟ್ಟಿಂಗ್ ಬದಲಾಗಬಹುದು. ಕೀ ತೆಗೆದರೆ ಕರೆಂಟೇ ನಿಲ್ಲಬೇಕು, ಅದಕ್ಕೆ ರಿಲೇ ಬೇಕು, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು.

ಹಾರ್ನ್, ಲೈಟಿಗೆ ಹಾಕುವ ನಾಲ್ಕು ಕಾಲಿನ ಸಾಮಾನ್ಯ ರಿಲೇ ಸಾಕು. ಯುಎಸ್‌ಬಿ ಸಾಮಾನುಗಳನ್ನೆಲ್ಲ ಪ್ರತ್ಯೇಕ ಕರೆಂಟಿನ ಹಬ್ ಒಂದಕ್ಕೆ ಸೇರಿಸಿ, ಆ ಹಬ್‌ನ 12 ವೋಲ್ಟ್ ಲೈನನ್ನು ರಿಲೇಯ ಮೂಲಕ ತನ್ನಿ. 30 ಎಂದು ಬರೆದ ಕಾಲಿಗೆ ಬ್ಯಾಟರಿಯಿಂದ ಬರುವ ವೈರು, 87ರಿಂದ 12 ವೋಲ್ಟನ್ನು 5ಕ್ಕೆ ಇಳಿಸುವ ಹಬ್‌ನ ಕನ್ವರ್ಟರಿಗೆ. 86ಕ್ಕೆ ಕೀ ತಿರುಗಿಸಿದಾಗ ಕರೆಂಟು ಬರುವ ಆಕ್ಸೆಸರಿ ವೈರು, 85ಕ್ಕೆ ಬಾಡಿ ಅರ್ತ್. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿ. ವೈರು ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಬೆಂಕಿ ತಡೆಯುವುದು ಅದೊಂದೇ.

ಇಷ್ಟು ಮಾಡಿಯೂ ಕೆಲವರ ಹಬ್ ಆರುವುದಿಲ್ಲ. ಕಾರಣ, ತನ್ನ ಕರೆಂಟು ಹೋದ ಕೂಡಲೇ ಹಬ್ ಕಂಪ್ಯೂಟರಿಗೆ ಹೋಗುವ ಕೇಬಲ್‌ನಿಂದಲೇ ಎಳೆದುಕೊಳ್ಳಲು ಶುರುಮಾಡುತ್ತದೆ. ಯುಎಸ್‌ಬಿ 2 ಕೇಬಲ್ ಒಳಗೆ ನಾಲ್ಕು ತಂತಿ ಇರುತ್ತವೆ. ಹಸಿರು, ಬಿಳಿ ಡೇಟಾದವು, ಕಪ್ಪು ಗ್ರೌಂಡ್, ಕೆಂಪು 5 ವೋಲ್ಟ್. ಆ ಕೆಂಪು ತಂತಿಯೊಂದನ್ನು ಕತ್ತರಿಸಿ ಟೇಪ್ ಸುತ್ತಿದರೆ ಹಿಂಬಾಗಿಲು ಮುಚ್ಚುತ್ತದೆ. ಬಣ್ಣ ನಂಬಬೇಡಿ, ಅಗ್ಗದ ಕೇಬಲ್‌ಗಳಲ್ಲಿ ಬದಲಾಗಿರುತ್ತದೆ, ಮೀಟರ್ ಹಿಡಿದು ನೋಡಿ. ಕೆಲವು ಹಬ್‌ಗಳು ಆ ತಂತಿ ಇಲ್ಲದಿದ್ದರೆ ಕಂಪ್ಯೂಟರನ್ನು ಗುರುತಿಸುವುದೂ ಇಲ್ಲ, ಆದ್ದರಿಂದ ಮೊದಲು ಬೇಡವಾದ ಕೇಬಲ್ ಮೇಲೆ ಪ್ರಯೋಗ ಮಾಡಿ.

ಹಾರ್ಡ್ ಡಿಸ್ಕ್, ಪೆನ್ ಡ್ರೈವ್‌ಗಳನ್ನು ಮಾತ್ರ ಈ ರಿಲೇಗೆ ಕೊಡಬೇಡಿ. ಬರೆಯುತ್ತಿರುವಾಗ ಕರೆಂಟು ಹೋದರೆ ದಿನವಿಡೀ ಗುಡ್ಡ ಹತ್ತಿ ಮಾಡಿದ ಸರ್ವೆ ಕೈಬಿಟ್ಟು ಹೋಗುತ್ತದೆ. ಕೀ ತೆಗೆದಾಗ ಕಂಪ್ಯೂಟರಿಗೆ ಸೂಚನೆ ಕೊಟ್ಟು, ಅದು ಶಟ್‌ಡೌನ್ ಆಗುವವರೆಗೆ ಕಾದು, ಆಮೇಲೆ ಕರೆಂಟು ಕಡಿಯುವ ವಾಹನ ಪವರ್ ಸಪ್ಲೈಗಳು ಸಿಗುತ್ತವೆ. ದುಡ್ಡು ಹೆಚ್ಚಾದರೂ ಕೆಲಸದ ಗಾಡಿಗೆ ಅದನ್ನೇ ಹಾಕಿಸಿ.

ಕೆಲಸ ಮುಗಿದ ಮೇಲೆ ಅಳೆಯಲೇಬೇಕು. ಬ್ಯಾಟರಿ ಟರ್ಮಿನಲ್ ಬಿಚ್ಚಿ ಮಲ್ಟಿಮೀಟರ್ ಸೇರಿಸುವ ಹಳೆಯ ಕ್ರಮ ಇಲ್ಲಿ ಮೋಸ ಮಾಡುತ್ತದೆ. ಬಿಚ್ಚಿದ ಕ್ಷಣಕ್ಕೆ ಮಲಗಿದ್ದ ಕಂಪ್ಯೂಟರ್ ಪೂರ್ತಿ ಆರಿ, ಲೆಕ್ಕ ಕಡಿಮೆ ತೋರಿಸುತ್ತದೆ. ಅದಕ್ಕೆ ಡಿಸಿ, ಅಂದರೆ ಬ್ಯಾಟರಿಯ ಕರೆಂಟನ್ನು, ವೈರು ಬಿಚ್ಚದೆ ಅದರ ಸುತ್ತ ಹಿಡಿದು ಅಳೆಯುವ ಕ್ಲ್ಯಾಂಪ್ ಮೀಟರ್ ಬೇಕು. ಮನೆ ವೈರಿಂಗ್‌ನವರ ಬಳಿ ಇರುವ ಅಗ್ಗದ ಕ್ಲ್ಯಾಂಪ್ ಮೀಟರ್‌ಗಳಲ್ಲಿ ಬಹಳಷ್ಟು ಎಸಿ ಮಾತ್ರ ಅಳೆಯುತ್ತವೆ, ಕೇಳಿ ನೋಡಿ ತನ್ನಿ. ಕೀ ತೆಗೆದು, ಬಾಗಿಲು ಮುಚ್ಚಿ ಅರ್ಧ ತಾಸು ಬಿಟ್ಟು ನೋಡಿದಾಗ 50 ಮಿಲಿಆಂಪಿಯರ್ ಒಳಗಿದ್ದರೆ ಸರಿ. ಹೆಚ್ಚಿದ್ದರೆ ಒಂದೊಂದೇ ಫ್ಯೂಸ್ ತೆಗೆಯುತ್ತ ಹೋಗಿ. ಯಾವುದನ್ನು ತೆಗೆದಾಗ ಮೀಟರ್ ಇಳಿಯುತ್ತದೋ ಕಳ್ಳ ಆ ಲೈನಿನಲ್ಲಿದ್ದಾನೆ.

ಹಳದಿ ಬೋರ್ಡ್ ಗಾಡಿಯವರಿಗೆ ಒಂದು ಮಾತು. ಸರ್ಕಾರದ ನಿಯಮದಂತೆ ಹಾಕಿಸಿದ ಟ್ರ್ಯಾಕರ್ ಮತ್ತು ಪ್ಯಾನಿಕ್ ಬಟನ್ ಲೈನನ್ನು ಈ ರಿಲೇಗೆ ಸೇರಿಸಬೇಡಿ. ಅದು ನೇರವಾಗಿ ಬ್ಯಾಟರಿಯಲ್ಲೇ ಇರಲಿ.

ನಮಸ್ಕಾರ.