ಹಾಜರಿ ಪುಸ್ತಕದಲ್ಲಿ ಇಲ್ಲದ ಕಾಲಂ

ಎಲ್ಲರಿಗೂ ನಮಸ್ಕಾರ. ಮೊದಲು ಈ ಮರದ ತುಂಡು ನೋಡಿ. ಗೇಣುದ್ದ ಇದೆ. ಅರೇಬಿಕಾ ಜಾತಿಯ ಕಾಫಿ ಗಿಡದ ಕಾಂಡ. ಇದನ್ನು ಇಲ್ಲೇ ಮೇಜಿನ ಮೇಲೆ ಇಟ್ಟಿರುತ್ತೇನೆ, ಇದರ ವಿಷಯ ಆಮೇಲೆ ಹೇಳುತ್ತೇನೆ.

ಇವತ್ತು ಅಕ್ಟೋಬರ್ 1, ಅಂತರರಾಷ್ಟ್ರೀಯ ಕಾಫಿ ದಿನ. ಬಾಗಿಲಲ್ಲಿ ನೀವು ಹಾಕಿರುವ ಬ್ಯಾನರ್ ನೋಡಿದೆ. ಹಬೆಯಾಡುವ ಒಂದು ಕಪ್ಪು, ಪಕ್ಕದಲ್ಲಿ ಬುಟ್ಟಿ ತುಂಬ ಕೆಂಪು ಹಣ್ಣು ಹಿಡಿದು ನಗುತ್ತಿರುವ ಒಬ್ಬ ಹೆಂಗಸು. ಚೆನ್ನಾಗಿದೆ. ಆದರೆ ಹಣ್ಣು ಕೊಯ್ಯುವುದು ಎರಡು ಮೂರು ತಿಂಗಳ ಮಾತು. ಆ ಹೆಂಗಸು ಉಳಿದ ತಿಂಗಳೆಲ್ಲ ಏನು ಮಾಡುತ್ತಾಳೆ? ಅದನ್ನು ಹೇಳೋಣ ಅಂತಲೇ ಬಂದಿದ್ದೇನೆ. ನಾನು 31 ವರ್ಷ ಮಲೆನಾಡಿನ ತೋಟಗಳಲ್ಲಿ ರೈಟರ್ ಆಗಿದ್ದೆ. ಬೆಳಿಗ್ಗೆ ಹಾಜರಿ ಕೂಗುವುದು, ಹಗಲೆಲ್ಲ ತೋಟ ಸುತ್ತುವುದು, ಸಂಜೆ ಲೆಕ್ಕ ಬರೆಯುವುದು. ನಿಮ್ಮಲ್ಲಿ ಅರ್ಧಕ್ಕರ್ಧ ಜನ ತೋಟದ ಕಡೆಯಿಂದಲೇ ಬಂದವರು, ಹಾಗಾಗಿ ಕಾಫಿ ನಮ್ಮ ನಾಡಿಗೆ ಬಂದ ಬಾಬಾಬುಡನ್ ಗಿರಿಯ ಏಳು ಬೀಜದ ಕಥೆಯನ್ನು ಮತ್ತೆ ಹೇಳುವುದಿಲ್ಲ.

ತೋಟದವರಿಗೆ ಹೊಸ ವರ್ಷ ಅಂದರೆ ಹೂಮಳೆ, ಕಾಫಿ ಮೊಗ್ಗು ಅರಳಿಸುವ ಮಳೆ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಯಾವಾಗಲಾದರೂ ಬರಬಹುದು. ಒಂದು ಇಂಚಾದರೂ ಬೀಳಬೇಕು. ಸುಮ್ನೆ ಧೂಳು ನೆನೆಸಿ ಹೋದರೆ ಕಷ್ಟ, ಮೊಗ್ಗು ಅರಳಲೂ ಆರದೆ, ಹಿಂದೆ ಹೋಗಲೂ ಆರದೆ ನಿಂತುಬಿಡುತ್ತದೆ. ಸರಿಯಾಗಿ ಬಿತ್ತು ಅಂದರೆ ಎಂಟು ಹತ್ತು ದಿನಕ್ಕೆ ಇಡೀ ಗುಡ್ಡ ಬೆಳ್ಳಗಾಗುತ್ತದೆ. ಆಗ ಲೈನ್ ಮನೆಗಳಲ್ಲಿ, ಅಂದರೆ ಆಳುಗಳ ಸಾಲುಮನೆಗಳಲ್ಲಿ, ಮದುವೆಗೆ ದಿನ ಎಣಿಸಿದ ಹಾಗೆ ಎಣಿಸುತ್ತಿದ್ದರು. ಕಾಫಿಯ ಇನ್ನೊಂದು ಜಾತಿ ರೊಬಸ್ಟಾ. ಅದರ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಅದಕ್ಕೆ ಗಾಳಿ ಬೇಕು, ಜೇನು ಬೇಕು. ಅದಕ್ಕೇ ಹೂವಿನ ದಿನ ರೊಬಸ್ಟಾ ತೋಟಕ್ಕೆ ಆಳು ಬಿಡುತ್ತಿರಲಿಲ್ಲ. ಹೂವಾದ ಮೇಲೆ ಹದಿನೈದು ಇಪ್ಪತ್ತು ದಿನದೊಳಗೆ ಇನ್ನೊಂದು ಮಳೆ, ಬ್ಯಾಕಿಂಗ್ ಶವರ್ ಅನ್ನುತ್ತೇವಲ್ಲ, ಅದೂ ಬರಬೇಕು. ಈಗ ರೊಬಸ್ಟಾಗೆ ಸ್ಪ್ರಿಂಕ್ಲರ್ ಇದೆ. ನಾನು ಕೆಲಸಕ್ಕೆ ಸೇರಿದಾಗ ನಮ್ಮ ತೋಟದಲ್ಲಿ ಅದು ಇರಲಿಲ್ಲ, ಮಳೆಮಾಪಕ ಒಂದಿತ್ತು. ನಾನು ಅದರಲ್ಲಿ ನೀರು ಅಳೆದು ಬರೆದುಕೊಳ್ಳುವಷ್ಟರಲ್ಲಿ ಒಬ್ಬ ಹಿರಿಯ ಹೆಂಗಸು ಒಂದು ರೆಕ್ಕೆ, ಅಂದರೆ ಗಿಡದ ಪಕ್ಕದ ರೆಂಬೆ, ಎತ್ತಿ ಮೊಗ್ಗು ನೋಡಿ, "ಸಾಲ್ದು ರೈಟ್ರೇ, ಇನ್ನೊಂದು ಹನಿ ಬೇಕು" ಅಂತ ಹೇಳಿ ಮುಂದೆ ಹೋಗಿರುತ್ತಿದ್ದರು. ಎಲ್ಲರೂ ಅವರನ್ನು ದೊಡ್ಡಮ್ಮ ಅಂತಲೇ ಕರೆಯುತ್ತಿದ್ದೆವು.

ನಾನು ಇವತ್ತು ಹೇಳಬೇಕಾದ್ದು ಇಷ್ಟೇ. ತೋಟದ ಕೆಲಸದಲ್ಲಿ ಮುಕ್ಕಾಲು ಪಾಲು ಕಣ್ಣಿನ ಕೆಲಸ. ಹಾಜರಿ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ. ಇಡೀ ದಿನ ಅಂತ ಒಂದು ಗುರುತು, ಅರ್ಧ ದಿನ ಅಂತ ಇನ್ನೊಂದು ಗುರುತು. ಆ ಪುಸ್ತಕ ಬರೆದವನು ನಾನೇ.

ಈಗ ಈ ಕಾಂಡದ ವಿಷಯಕ್ಕೆ ಬರುತ್ತೇನೆ.

ನನಗೆ ಆಗ 22 ವರ್ಷ. ಕೆಲಸಕ್ಕೆ ಸೇರಿದ ಮೊದಲ ಸೆಪ್ಟೆಂಬರ್. ಬೋರರ್ ಹುಡುಕುವ ಕೆಲಸ. ಬೋರರ್ ಅಂದರೆ ಬಿಳಿ ಕಾಂಡಕೊರಕ, ನಿಮಗೆ ಗೊತ್ತಿರುವುದೇ. ಜೀರುಂಡೆ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ, ಮರಿ ಒಳಗೆ ಸೇರಿ ತಿಂಗಳುಗಟ್ಟಲೆ ಕಾಂಡ ತಿನ್ನುತ್ತಾ ಇರುತ್ತದೆ. ಏಪ್ರಿಲ್ ಮೇನಲ್ಲಿ ಒಂದು ಸಲ, ಅಕ್ಟೋಬರಿನಿಂದ ಡಿಸೆಂಬರ್ ತನಕ ಇನ್ನೊಂದು ಸಲ ಜೀರುಂಡೆಗಳು ಹೊರಗೆ ಹಾರುತ್ತವೆ. ಅದಕ್ಕೆ ಮೊದಲು ಗಿಡ ಹುಡುಕಿ ಕಿತ್ತು ಸುಡಬೇಕು. ದೊಡ್ಡಮ್ಮ ಸಾಲಿನಲ್ಲಿ ಮುಂದೆ, ನಾನು ಪುಸ್ತಕ ಹಿಡಿದು ಹಿಂದೆ. ಎಲೆ ಹಳದಿಯಾಗಿ ಸೊರಗಿದ ಗಿಡ ಕಂಡರೆ ನಾನೂ ಗುರುತಿಸುತ್ತಿದ್ದೆ. ಅದು ಯಾರಿಗಾದರೂ ಕಾಣುತ್ತದೆ, ಅಲ್ವಾ? ಅವರು ನಿಂತದ್ದು ಹಚ್ಚಗೆ ಇದ್ದ ಗಿಡದ ಮುಂದೆ. ರೆಕ್ಕೆ ತುಂಬ ಕಾಯಿ. ಬಗ್ಗಿ ಕೂತು ಬುಡದಿಂದ ಮೇಲಕ್ಕೆ ಹೆಬ್ಬೆರಳು ಸವರಿದರು. ಒಂದು ಕಡೆ ಬೆರಳು ನಿಂತಿತು. "ಇಲ್ಲಿದೆ ನೋಡಿ" ಅಂದರು. ನಾನು ನೋಡಿದೆ, ಏನೂ ಕಾಣಲಿಲ್ಲ. ನನ್ನ ಬೆರಳು ಹಿಡಿದು ಅಲ್ಲಿ ಇಟ್ಟರು. ತೊಗಟೆಯ ಅಡಿಯಲ್ಲಿ ಒಂದು ಸಣ್ಣ ಏಣು, ದಾರ ಸುತ್ತಿ ಮೇಲೆ ಬಟ್ಟೆ ಮುಚ್ಚಿದ ಹಾಗೆ.

ಆವತ್ತು ಅಂಥ ಹಸಿರು ಗಿಡಗಳು ಎಂಟು ಸಿಕ್ಕವು. ಕೊಯ್ಲಿಗೆ ಎರಡೇ ತಿಂಗಳು. ಇಷ್ಟು ಕಾಯಿ ಇರುವ ಗಿಡ ಕೀಳಿಸಿದರೆ ಸಾಹುಕಾರರು ಏನಂದಾರು ಅಂತ ನನಗೆ ಭಯ. ಹಣ್ಣು ಕೊಯ್ದ ಮೇಲೆ ಕೀಳೋಣ ಬಿಡಿ ಅಂದೆ. ದೊಡ್ಡಮ್ಮ ಎದ್ದು ಸೆರಗು ಕೊಡವಿಕೊಂಡು ಹೇಳಿದರು: "ಕೊಯ್ಲು ಮುಗಿಯಲಿ ಅಂತ ಹುಳ ಕಾಯ್ತದಾ ರೈಟ್ರೇ?"

ಕಾಯಲಿಲ್ಲ. ಮುಂದಿನ ವರ್ಷ ಅದೇ ಜಾಗದಲ್ಲಿ, ಸುತ್ತಮುತ್ತ, 31 ಗಿಡ ಕೀಳಿಸಿದೆ. ಹೊಸ ಗಿಡ ಇಟ್ಟು ಫಸಲು ನೋಡಬೇಕಾದರೆ ಮೂರು ನಾಲ್ಕು ವರ್ಷ ಬೇಕು. ಕೀಳುವ ದಿನ ದೊಡ್ಡಮ್ಮ ಒಂದು ಮಾತೂ ಆಡಲಿಲ್ಲ. ನಾನೇ ಒಂದು ಕಾಂಡ ಕತ್ತರಿಸಿ, ಹುಳ ಸಾಯಲಿ ಅಂತ ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಿ ಇಟ್ಟುಕೊಂಡೆ. ಅದೇ ಇದು.

ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಮೈಸೂರು ಸರ್ಕಾರದ ಕಾಲದಲ್ಲಿ ಶುರುವಾಯಿತು. ನೂರು ವರ್ಷ ದೊಡ್ಡ ದೊಡ್ಡ ಕೆಲಸ ಆಗಿದೆ, ನಮ್ಮ ತೋಟಗಳಲ್ಲಿ ತುಂಬಿರುವ ಎಸ್ 795 ತಳಿ ಬಂದದ್ದು ಅಲ್ಲಿಂದ. ಆದರೂ ಈ ಹುಳದ ಬಗ್ಗೆ ಇವತ್ತಿಗೂ ಕೊಡುವ ಮುಖ್ಯ ಸಲಹೆ ಏನು? ಗಿಡ ಗುರುತಿಸಿ, ಕಿತ್ತು, ಸುಡಿ. ಗುರುತಿಸುವವರು ಯಾರು? ಅಷ್ಟೆಲ್ಲ ವಿಜ್ಞಾನ ಕೊನೆಗೆ ಬಂದು ನಿಲ್ಲುವುದು ಒಬ್ಬ ಹೆಂಗಸಿನ ಹೆಬ್ಬೆರಳಿನ ತುದಿಯಲ್ಲಿ. ಮತ್ತೆ ನಾವು ಅವರಿಗೆ "ಸಾಮಾನ್ಯ ಆಳು" ಅಂತ ಬರೆಯುತ್ತೇವೆ.

ಮಳೆಗಾಲಕ್ಕೆ ಬರೋಣ. ಮಳೆ ಹಿಡಿಯುವ ಮೊದಲು ಬೋರ್ಡೋ, ಅಂದರೆ ರೋಗ ತಡೆಯುವ ದ್ರಾವಣ, ಹೊಡೆಯಬೇಕು. 200 ಲೀಟರ್ ಡ್ರಮ್ಮಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯುತ್ತಾ ಕಲಕುತ್ತಾರೆ. ಆಮೇಲೆ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಕೂತಿದ್ದರೆ ಸುಣ್ಣ ಸಾಲದು ಅಂತ ಅರ್ಥ, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಎಷ್ಟು ಸರಳ ನೋಡಿ! ಹೊಡೆಯುವಾಗಲೂ ಎಲೆಯ ಅಡಿಗೆ ಬೀಳಬೇಕು, ತುಕ್ಕು ರೋಗ ಕೂರುವುದು ಅಲ್ಲಿ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಆ ತುಕ್ಕು ಅಲ್ಲಿನ ಕಾಫಿಯನ್ನೇ ಮುಗಿಸಿ, ಆ ಗುಡ್ಡಗಳಿಗೆ ಟೀ ತಂದಿತು. ಟೀ ತೋಟದ ಲಯವೇ ಬೇರೆ, ವಾರ ಹದಿನೈದು ದಿನಕ್ಕೊಮ್ಮೆ ಅದೇ ಗಿಡಕ್ಕೆ ಬಂದು ಎರಡೆಲೆ ಒಂದು ಕುಡಿ ಚಿವುಟಬೇಕು. ಅಲ್ಲೂ ಯಾವ ಕುಡಿ ಇವತ್ತು, ಯಾವುದು ಮುಂದಿನ ಸುತ್ತಿಗೆ ಅಂತ ಹೇಳುವುದು ಕಣ್ಣೇ.

ಜುಲೈ ಆಗಸ್ಟ್‌ನಲ್ಲಿ ಕೊಳೆರೋಗ. ಗೊರಬು ಹೊತ್ತು ಬಗ್ಗಿದರೆ ಕಾಲಿಗೆ ಉಂಬಳ, ಕುತ್ತಿಗೆಗೆ ನೀರು. ಈಗ ಗೊರಬಿನ ಬದಲು ಪ್ಲಾಸ್ಟಿಕ್. ಗಿಡದ ಒಳಗೆ ಗಾಳಿ ಆಡುವ ಹಾಗೆ ಬಿಡಿಸಬೇಕು, ಮರದಿಂದ ಬಿದ್ದು ಸಿಕ್ಕಿಕೊಂಡ ತರಗು ತೆಗೆಯಬೇಕು. ಕಪ್ಪಾಗಿ ಕೊಳೆತ ಎಲೆ ಉದುರುವುದಿಲ್ಲ, ಜೇಡನ ಎಳೆಯಂಥ ಬೂಸ್ಟಿನಲ್ಲಿ ನೇತಾಡುತ್ತಿರುತ್ತದೆ, ಅದನ್ನು ಆರಿಸಿ ತೆಗೆಯಬೇಕು. ನಿಮಗೆ ಗೊತ್ತಾ, ಈ ರೋಗದ ಶಿಲೀಂಧ್ರಕ್ಕೆ ವಿಜ್ಞಾನಿಗಳು ಇಟ್ಟ ಹೆಸರೇ ಕೊಳೆರೋಗ ನಾಕ್ಸಿಯಾ. ಕೊಳೆರೋಗ ಅನ್ನುವ ನಮ್ಮ ಕನ್ನಡದ ಮಾತನ್ನೇ ಶಾಸ್ತ್ರ ಹಾಗೇ ತೆಗೆದುಕೊಂಡಿತು. ಇದನ್ನು ಮೊದಲು ಕೇಳಿದಾಗ ನನಗೆ ಎಷ್ಟು ಸಂತೋಷ ಆಗಿತ್ತು ಅಂದರೆ, ಮರುದಿನ ಹಾಜರಿ ಹೊತ್ತಿಗೆ ಎಲ್ಲರನ್ನೂ ನಿಲ್ಲಿಸಿ ಹೇಳಿದೆ. ಒಬ್ಬಾಕೆ ಕೇಳಿದಳು, "ಹೆಸರು ತಗೊಂಡು ಹೋದ್ರಲ್ಲ, ರೋಗಾನೂ ತಗೊಂಡು ಹೋಗ್ಬಾರ್ದಿತ್ತಾ?" ಇಡೀ ಸಾಲು ನಕ್ಕಿತು.

ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಅದರ ಬಗ್ಗೆ ಜಾಸ್ತಿ ಹೇಳಬೇಕು ಅಂತ ಬರೆದುಕೊಂಡು ಬಂದಿದ್ದೆ. ನೆರಳು ಕಡಿಮೆಯಾದರೆ ಬೋರರ್ ಜಾಸ್ತಿ, ನೆರಳು ಹೆಚ್ಚಾದರೆ ಕೊಳೆರೋಗ ಜಾಸ್ತಿ. ಹಾಲುವಾಣದ ಯಾವ ಕೊಂಬೆ ಇರಲಿ, ಯಾವುದು ಹೋಗಲಿ ಅಂತ ತೀರ್ಮಾನ ಮಾಡುವುದು ಮರದ ಮೇಲೆ ಹಗ್ಗ ಕಟ್ಟಿಕೊಂಡು ನಿಂತವನು, ಬೂಟು ಹಾಕಿಕೊಂಡು ಕೆಳಗೆ ನಿಂತ ನಾವಲ್ಲ. ಅವನು ಬಿದ್ದರೆ ಮಾತ್ರ ಪೇಪರಿನಲ್ಲಿ ಸುದ್ದಿ ಆಗುತ್ತಾನೆ. ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಗುಲಿ ಸತ್ತವರ ಸುದ್ದಿಯನ್ನೂ ಓದುತ್ತಲೇ ಇರುತ್ತೇವೆ. ದಯವಿಟ್ಟು, ನಿಮ್ಮ ಮನೆಯ ತೋಟದಲ್ಲಿ ಆ ಏಣಿ ಇದ್ದರೆ ಇವತ್ತೇ ಅದನ್ನು ಬದಲಾಯಿಸಿ.

ಚೀಟಿ ಬಂತು, ಹತ್ತು ನಿಮಿಷ ಅಂತೆ. ಸರಿ.

ಕೊಯ್ಲು ನಿಮಗೆಲ್ಲ ಗೊತ್ತು. ನವೆಂಬರಿನಿಂದ ಅರೇಬಿಕಾ, ಅದು ಮುಗಿಯುತ್ತಾ ಬಂದಂತೆ ರೊಬಸ್ಟಾ. ಅರೇಬಿಕಾದಲ್ಲಿ ಹಣ್ಣಾದದ್ದನ್ನು ಮಾತ್ರ ಬಿಡಿಸಬೇಕು, ಒತ್ತಿದರೆ ಬೀಜ ಪಿಚಕ್ ಅಂತ ಹೊರಗೆ ಬರಬೇಕು. ನೆಲಕ್ಕೆ ಉದುರಿದ್ದನ್ನೂ ಹೆಕ್ಕಬೇಕು, ಇಲ್ಲದಿದ್ದರೆ ಕಾಯಿಕೊರಕ ಅಲ್ಲೇ ಉಳಿದು ಮುಂದಿನ ಫಸಲಿಗೆ ಏರುತ್ತದೆ. ಕಣದಲ್ಲಿ ಒಣಗಿತಾ ಇಲ್ಲವಾ ಅಂತ ನೋಡಲು ಈಗ ಮೀಟರ್ ಇದೆ, ಪಾರ್ಚ್‌ಮೆಂಟಿಗೆ, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ ಒಣಗಿಸಿದ ಬೀಜಕ್ಕೆ, ಹತ್ತು ಪರ್ಸೆಂಟ್ ತೇವ. ಕಣದವರು ಒಂದು ಬೀಜ ಹಲ್ಲಿಗೆ ಹಾಕಿ ಹೇಳುತ್ತಿದ್ದರು, ಆಮೇಲೆ ನಾನು ಮೀಟರ್ ಇಟ್ಟು ನೋಡುತ್ತಿದ್ದೆ. ಬಹಳ ಸಲ ಸರಿ ಇರುತ್ತಿತ್ತು.

ಕೂಲಿ, ಲೈನ್ ಮನೆ, ಶಿಶುಮನೆ, ಇವುಗಳ ಬಗ್ಗೆಯೂ ಮಾತಾಡಬೇಕಿತ್ತು. ಅದಕ್ಕೆ 1951ರಷ್ಟು ಹಿಂದೆಯೇ ತೋಟ ಕಾರ್ಮಿಕರ ಕಾಯ್ದೆ ಬಂತು. ಕಲಿತ ಕಣ್ಣಿಗೆ ಯಾವ ಕಾಯ್ದೆಯೂ ಬರಲಿಲ್ಲ. ಲೈನ್ ಮನೆಯ ಮಕ್ಕಳು ಬೆಂಗಳೂರು ಸೇರಿದ್ದಾರೆ, ಓದಿದ್ದಾರೆ, ಅದು ಒಳ್ಳೆಯದೇ. ಈಗ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಜನ ಬರುತ್ತಿದ್ದಾರೆ. ಅವರಿಗೆ ಕೆಲಸ ಬರುವುದಿಲ್ಲ ಅಂತ ಗೊಣಗುವ ಮಾಲೀಕರನ್ನು ನೋಡಿದ್ದೇನೆ. ಕಲಿಸಿದವರು ಯಾರು? ನಾನು ಕೆಲಸ ಬಿಡುವ ಹಿಂದಿನ ವರ್ಷ ಅಸ್ಸಾಮಿನ ಹುಡುಗಿಯೊಬ್ಬಳು ನಮ್ಮಲ್ಲಿ ಬೋರರ್ ಹುಡುಕಲು ಬಂದಿದ್ದಳು. ದೊಡ್ಡಮ್ಮನ ಸೊಸೆಗೆ ಅವಳ ಭಾಷೆ ಬಾರದು, ಅವಳಿಗೆ ಕನ್ನಡ ಬಾರದು. ಸೊಸೆ ಆ ಹುಡುಗಿಯ ಹೆಬ್ಬೆರಳು ಹಿಡಿದು ಕಾಂಡದ ಮೇಲೆ ಇಟ್ಟಳು, ಅಷ್ಟೇ. ಮೂರನೇ ದಿನ ಆ ಹುಡುಗಿ ಒಂದು ಹಸಿರು ಗಿಡದ ಮುಂದೆ ನಿಂತು ನಮ್ಮನ್ನು ಕೂಗಿದಳು. ಕಿತ್ತು ಸೀಳಿ ನೋಡಿದೆವು. ಒಳಗೆ ಹುಳ ಇತ್ತು.

ನಾನು ಕೇಳುವುದು ಒಂದೇ. ಮಾಲೀಕರು ಯಾರಾದರೂ ಇದ್ದರೆ, ಹೀಗೆ ಗಿಡ ಗುರುತಿಸುವವರಿಗೆ ಬೇರೆ ದರ್ಜೆ ಮಾಡಿ, ದಿನಕ್ಕೆ ಇಷ್ಟು ಹೆಚ್ಚು ಅಂತ ಬರೆಯಿರಿ, ಹೊಸಬರಿಗೆ ಕಲಿಸುವ ದಿನಕ್ಕೂ ಪೂರ್ತಿ ಹಾಜರಿ ಕೊಡಿ. ವಿದ್ಯಾರ್ಥಿಗಳೇ, ನೀವು ಬರುವ ಮಾರ್ಚಿನಲ್ಲಿ ಒಂದು ವಾರ ಯಾವುದಾದರೂ ಸಾಲಿನಲ್ಲಿ ಬೋರರ್ ಹುಡುಕುವವರ ಹಿಂದೆ ನಡೆಯಿರಿ.

ಸಮಯ ಆಯಿತು. ಕಾಂಡ ಇಲ್ಲೇ ಇರುತ್ತದೆ. ಹೋಗುವಾಗ ಒಬ್ಬೊಬ್ಬರೇ ಬಂದು ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿ ನೋಡಿ. ಬುಡದ ಕಡೆಯಿಂದ ಶುರುಮಾಡಿ, ಒತ್ತಬೇಡಿ, ಸುಮ್ನೆ ಸವರಿ. ಏಣು ಎರಡು ಕಡೆ ಇದೆ.